ಸ್ಕ್ಯಾನಿಂಗ್‌ನಲ್ಲಿ ಕೆಂಪು ಕಂಡ ಮಾತ್ರಕ್ಕೆ ಇಂಜೆಕ್ಷನ್ ಬೇಡ

ನಮ್ಮ ಹಳ್ಳಿಗಳಲ್ಲಿ ಸ್ಕ್ಯಾನಿಂಗ್ ಅಂದರೆ ಬಸುರಿಯರಿಗೆ ಮಾಡುವುದು ಅಂತಲೇ ಲೆಕ್ಕ. ಅದೇ ಅಲ್ಟ್ರಾಸೌಂಡ್ ಯಂತ್ರವನ್ನು ಹಿಮ್ಮಡಿ, ಮೊಣಕಾಲು, ಭುಜದ ನೋವಿಗೂ ಬಳಸುತ್ತಾರೆ. ಒಳ್ಳೆಯದೇ. ಎಂಆರ್‌ಐಗಿಂತ ಖರ್ಚು ಕಮ್ಮಿ, ಎಕ್ಸ್‌ರೇಯಂಥ ವಿಕಿರಣವೂ ಇಲ್ಲ. ಆದರೆ ಪರದೆಯ ಮೇಲಿನ ಕೆಂಪು ಬಣ್ಣಕ್ಕೆ ಹೆದರಿ ಇಂಜೆಕ್ಷನ್‌ಗೆ ಒಪ್ಪಬೇಡಿ ಅನ್ನುವುದು ನನ್ನ ಮಾತು.

ನಾವು 'ನರ ಎಳೆದಿದೆ' ಅಂತೀವಲ್ಲ, ಎಷ್ಟೋ ಸಲ ಅದು ನರವೇ ಅಲ್ಲ. ಮಾಂಸಖಂಡವನ್ನು ಮೂಳೆಗೆ ಕಟ್ಟಿಹಾಕಿರುವ ಹಗ್ಗ, ಅಂದರೆ ಸ್ನಾಯುರಜ್ಜು. ಹಿಮ್ಮಡಿಯ ಹಿಂದೆ ಮುಟ್ಟಿದರೆ ಕೈಗೆ ಸಿಗುವುದೂ ಅದೇ. ಚೆನ್ನಾಗಿರುವ ರಜ್ಜುವಿನಲ್ಲಿ ರಕ್ತದ ಓಡಾಟ ತೀರಾ ಕಡಿಮೆ. ಮೂಟೆ ಹೊತ್ತು, ಓಡಿ, ಕಬಡ್ಡಿ ಆಡಿ ಅದು ಪದೇ ಪದೇ ಪೆಟ್ಟು ತಿಂದಾಗ ಕೂದಲೆಳೆಯಂಥ ಹೊಸ ರಕ್ತನಾಳಗಳು ಅದರೊಳಗೆ ಬೆಳೆಯುತ್ತವೆ. ಹರಿಯುವ ರಕ್ತಕ್ಕೆ ತಾಗಿ ವಾಪಸ್ ಬರುವ ಶಬ್ದದ ಅಲೆಯಿಂದ ಯಂತ್ರ ಅದನ್ನು ಬಣ್ಣದಲ್ಲಿ ತೋರಿಸುತ್ತದೆ. ಇದಕ್ಕೆ ಡಾಪ್ಲರ್ ಅನ್ನುತ್ತಾರೆ.

2001ರಲ್ಲಿ ಸ್ವೀಡನ್ನಿನ ವೈದ್ಯರು ನೋವಿರುವ ಹಿಮ್ಮಡಿ ರಜ್ಜುಗಳಲ್ಲಿ ಈ ನಾಳಗಳನ್ನು ಕಂಡರು, ನೋವಿಲ್ಲದವುಗಳಲ್ಲಿ ಕಾಣಲಿಲ್ಲ. ನೋವಿಗೆ ಕಾರಣ ಸಿಕ್ಕಿತು ಅನ್ನಿಸಿದ್ದು ಸಹಜ. ಆಮೇಲಿನ ಅಧ್ಯಯನಗಳಲ್ಲಿ ಲೆಕ್ಕ ಅಷ್ಟು ಸಲೀಸಾಗಿ ಕೂಡಲಿಲ್ಲ. ನೋವೇ ಇಲ್ಲದ ಕೆಲವರಲ್ಲೂ ಬಣ್ಣ ಕಂಡಿತು. ಬಣ್ಣ ಜಾಸ್ತಿ ಇದ್ದರೆ ನೋವೂ ಜಾಸ್ತಿ ಅನ್ನುವ ಹಾಗೂ ಇಲ್ಲ.

ಇನ್ನೊಂದು ವಿಷಯ. ಪಾದ ಮೇಲಕ್ಕೆ ಬಗ್ಗಿಸಿ ರಜ್ಜು ಬಿಗಿದರೆ, ಇಲ್ಲವೇ ಸ್ಕ್ಯಾನ್ ಮಾಡುವವರು ಉಪಕರಣವನ್ನು ಗಟ್ಟಿಯಾಗಿ ಒತ್ತಿದರೆ, ಆ ನಾಳಗಳು ಮುಚ್ಚಿಕೊಂಡು ಬಣ್ಣ ಮಾಯವಾಗುತ್ತದೆ. ಆಗಷ್ಟೇ ಓಡಿ ಬಂದವರಲ್ಲಿ ಹೆಚ್ಚು ಕಾಣಬಹುದು. ಕಾಲು ಸಡಿಲ ಬಿಟ್ಟು, ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಮಾಡಿಸಿಕೊಳ್ಳುವುದು ಮೇಲು.

ಚಿತ್ರ ಸುಳ್ಳಲ್ಲ, ಆದರೆ ಅದೊಂದೇ ಸಾಕ್ಷಿ ಸಾಲದು. ಎಲ್ಲಿ ಮುಟ್ಟಿದರೆ ನೋವು, ಬೆಳಿಗ್ಗೆ ಎದ್ದಾಗ ಹಿಡಿದುಕೊಳ್ಳುತ್ತದಾ, ಎಂಥ ಕೆಲಸಕ್ಕೆ ನೋಯುತ್ತದೆ ಅಂತ ವೈದ್ಯರು ಕೇಳಬೇಕು, ಕೈಯಿಟ್ಟು ನೋಡಬೇಕು. ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ತಗ್ಗಿಸಬಹುದು, ಆದರೆ ರಜ್ಜು ಹರಿಯುವ ಅಪಾಯವೂ ಇದೆ. ಕೂಲಿ ಮಾಡುವವರಿಗೆ ರಜ್ಜು ಹರಿದರೆ ತಿಂಗಳುಗಟ್ಟಲೆ ದುಡಿಮೆಯೇ ಇಲ್ಲ. ಹಾಗಾಗಿ 'ಇದು ಯಾವ ಇಂಜೆಕ್ಷನ್, ಯಾಕೆ' ಅಂತ ಕೇಳಲು ಸಂಕೋಚ ಬೇಡ.

ಅದಕ್ಕೂ ಮೊದಲು ಖರ್ಚಿಲ್ಲದ ದಾರಿಯೊಂದಿದೆ. ಮೆಟ್ಟಿಲ ಅಂಚಿನಲ್ಲಿ ತುದಿಗಾಲಲ್ಲಿ ನಿಂತು, ನೋವಿರುವ ಕಾಲಿನ ಹಿಮ್ಮಡಿಯನ್ನು ನಿಧಾನ ಕೆಳಗಿಳಿಸುವ ವ್ಯಾಯಾಮ. 1998ರಲ್ಲಿ ಸ್ವೀಡನ್ನಿನ ವೈದ್ಯರೇ ಪ್ರಕಟಿಸಿದ ಕ್ರಮದ ಪ್ರಕಾರ ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸಲ, ಮಂಡಿ ಬಗ್ಗಿಸಿ ಮತ್ತೆ ಮೂರು ಸಲ. ದಿನಕ್ಕೆ ಎರಡು ಹೊತ್ತು, 12 ವಾರ. ಇದರಿಂದ ಗುಣವಾದವರಲ್ಲಿ ಹೆಚ್ಚಿನವರ ಹೊಸ ನಾಳಗಳೂ ಮಾಯವಾಗಿದ್ದನ್ನು ಸ್ಕ್ಯಾನಿಂಗೇ ತೋರಿಸಿತು. ನೋವು ಮೂಳೆಗೆ ಅಂಟಿದ ಜಾಗದಲ್ಲೇ ಇದ್ದರೆ ವಿಧಾನ ಬದಲಾಗುತ್ತದೆ. ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕಲಿತು ಶುರು ಮಾಡಿ.

ಟಪ್ ಅಂತ ಶಬ್ದವಾಗಿ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ತಾಲೂಕು ಆಸ್ಪತ್ರೆಯ ಸಭೆಗಳಲ್ಲಿ ನಾವು ಸ್ಕ್ಯಾನಿಂಗ್ ಯಂತ್ರ ಬೇಕು ಅಂತ ಕೇಳುತ್ತೇವೆ. ಅದರ ಜೊತೆಗೇ ಫಿಸಿಯೋಥೆರಪಿಸ್ಟ್ ಬೇಕು ಅಂತಲೂ ಕೇಳೋಣ. ಯಂತ್ರ ರಜ್ಜುವನ್ನು ತೋರಿಸೀತು. ಕಾಲನ್ನು ಮತ್ತೆ ಹೊಲಕ್ಕೆ ಇಳಿಸುವುದು ಆ ಮನುಷ್ಯನ ಕೆಲಸ.