ಸಿಸ್ಟರ್‌ಗೆ ಜ್ವರ ಬಂದರೆ ಪಾಳಿ ಯಾರದು?

ಆಳಂದ, ಅಫಜಲಪುರ, ಜೇವರ್ಗಿ ಬಸ್ಸುಗಳಲ್ಲಿ ದಿನಾ ಓಡಾಡುವವರಿಗೆ ಗೊತ್ತಿರುವ ಮಾತು. ಕಂಡಕ್ಟರ್ ಬರದಿದ್ದರೆ ಡಿಪೋದವರು ಬದಲಿ ಆಳು ಹುಡುಕುತ್ತಾರೆ. ಸಿಗದಿದ್ದರೆ ಟ್ರಿಪ್ಪೇ ರದ್ದು. ದವಾಖಾನೆಯ ರಾತ್ರಿ ಪಾಳಿಯನ್ನು ಹಾಗೆ ರದ್ದು ಮಾಡಲು ಬರುತ್ತದೆಯೇ? ಹೆರಿಗೆ ನೋವು ಬೆಳಗಾಗುವತನಕ ಕಾಯುವುದಿಲ್ಲ. ಹಾವು ಕಡಿದ ರೈತನೂ ಕಾಯಲಾರ. ಹೀಗಾಗಿ ಒಬ್ಬ ನರ್ಸ್ ಹಾಸಿಗೆ ಹಿಡಿದರೆ ಆಕೆಯ ಪಾಳಿ ಇನ್ನೊಬ್ಬಳ ಹೆಗಲಿಗೆ.

ಕಾಗದದ ಮೇಲೆ ರಜೆಗೇನೂ ಬರವಿಲ್ಲ. ಕಾಯಂ ಸರ್ಕಾರಿ ನರ್ಸ್‌ಗೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಜಮೆಯಾಗುತ್ತದೆ. ಡಾಕ್ಟರ ಸರ್ಟಿಫಿಕೇಟು ಕೊಟ್ಟರೆ ಎರಡು ದಿನದ ಲೆಕ್ಕ ಮುರಿದು ಒಂದು ದಿನದ ಪೂರ್ತಿ ಪಗಾರ ಪಡೆಯಬಹುದು. ಆದರೆ ಅರ್ಜಿ ಹಿಡಿದು ಹೋದರೆ ಮೊದಲು ಎದುರಾಗುವ ಪ್ರಶ್ನೆ, ‘ನಿಮ್ಮ ಡ್ಯೂಟಿ ಯಾರ್ ಮಾಡ್ತಾರ್ರೀ?’ ದೇವರು ವರ ಕೊಟ್ಟರೂ ಪೂಜಾರಿ ಕೊಡ!

ಗುತ್ತಿಗೆ ನರ್ಸ್‌ಗಳ ಪಾಡು ಇನ್ನೂ ಬಿಗಿ. ಒಪ್ಪಂದ ವರ್ಷ ವರ್ಷ ನವೀಕರಣವಾಗಬೇಕು. ತಿಂಗಳೊಪ್ಪತ್ತು ಮಲಗಿದರೆ ಮುಂದಿನ ಪಟ್ಟಿಯಲ್ಲಿ ಹೆಸರು ಉಳಿದೀತೇ ಎಂಬ ಅಂಜಿಕೆ. 2023ರ ಫೆಬ್ರವರಿಯಲ್ಲಿ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತದ್ದು ‘ಕಾಯಂ ಮಾಡಿ’ ಎಂದೇ.

ಖಾಸಗಿ ನರ್ಸಿಂಗ್ ಹೋಮಿನವರಿಗಾಗಿ ಸುಪ್ರೀಂ ಕೋರ್ಟು 2016ರಲ್ಲಿ ದಾರಿ ತೆರೆಯಿತು. ಅದರ ಮಾತಿನಂತೆ ಕೇಂದ್ರ ನೇಮಿಸಿದ ಸಮಿತಿ, 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಲ್ಲೂ ತಿಂಗಳ ಪಗಾರ 20,000 ರೂಪಾಯಿಗೆ ಕಡಿಮೆಯಾಗಬಾರದು. ರಜೆ, ದುಡಿಮೆಯ ತಾಸು ಸರ್ಕಾರಿ ನರ್ಸ್‌ಗಳಂತೆಯೇ ಇರಬೇಕು ಎಂದಿತು. ಜಾರಿ ಮಾಡುವ ಕೆಲಸ ಮಾತ್ರ ರಾಜ್ಯಗಳಿಗೆ ಬಿಟ್ಟದ್ದು.

ರೋಗ ರಜೆಯಲ್ಲಿಲ್ಲ, ಬದಲಿ ಇಲ್ಲದಿರುವುದರಲ್ಲಿದೆ. ಇದಕ್ಕೆ ಮದ್ದೂ ಗೊತ್ತಿದ್ದದ್ದೇ. ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾನದಂಡದಲ್ಲಿ ಶೇ. 30ರಷ್ಟು ‘ರಜೆ ಮೀಸಲು’ ಸಿಬ್ಬಂದಿ ಇರಬೇಕೆಂದಿದೆ. ಮೂರೂ ತಾಲೂಕುಗಳಿಗೆ ಈ ಲೆಕ್ಕ ಹಿಡಿದು ಹುದ್ದೆ ಕೊಟ್ಟರೆ, ಜ್ವರ ಬಂದವಳು ನಿಶ್ಚಿಂತೆಯಿಂದ ಮಲಗಿಯಾಳು. ಉಳಿದವಳಿಗೆ ಡಬಲ್ ಡ್ಯೂಟಿ ತಪ್ಪೀತು. ಇದು ನರ್ಸ್‌ಗಳ ಮನೆ ಮಾತಷ್ಟೇ ಅಲ್ಲ. ಎರಡು ಪಾಳಿ ನಿದ್ದೆಗೆಟ್ಟ ಕೈಯಲ್ಲಿ ಸೂಜಿ ಇದೆ. ತೋಳು ನಿಮ್ಮ ಮಗುವಿನದು.

2020ರ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ಕಂಡದ್ದು ಇದೇ ಕಲಬುರಗಿ. ಅದೇ ತಿಂಗಳು ಊರೂರಲ್ಲಿ ಜನ ತಾಟು ಬಡಿದು ದವಾಖಾನೆಯವರಿಗೆ ಶಹಬ್ಬಾಸ್ ಅಂದರು. ತಾಟಿನ ಸದ್ದು ಆಯಿತು, ಇನ್ನು ಬದಲಿ ಸಿಸ್ಟರ್ ಬರಬೇಕು.