ಅಮೆರಿಕದ ಕ್ರಿಕೆಟ್: ಮೂವತ್ತು ಮಂದಿಗೆ ಜಾಗ

ಎಂ.ಎಲ್.ಸಿ. ಎಂದೊಡನೆ ಕರ್ನಾಟಕದವರಿಗೆ ನೆನಪಾಗುವುದು ವಿಧಾನ ಪರಿಷತ್ತು. ಅಮೆರಿಕದಲ್ಲಿ ನೆಲೆಸಿರುವ ಭಾರತೀಯರ ಮನೆಗಳಲ್ಲಿ ಈಚೆಗೆ ಈ ಮೂರಕ್ಷರಕ್ಕೆ ಬೇರೆಯೇ ಅರ್ಥ ಬಂದಿದೆ. ಅದು ಮೇಜರ್ ಲೀಗ್ ಕ್ರಿಕೆಟ್. ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್ ಮತ್ತು ತಮ್ಮದೇ ರೀತಿಯ ಫುಟ್‌ಬಾಲ್ ಬಿಟ್ಟರೆ ಬೇರೆ ಆಟದತ್ತ ಕಣ್ಣೆತ್ತಿಯೂ ನೋಡದವರು ಎಂದು ಹೆಸರಾದ ಜನರ ನಾಡಿನಲ್ಲಿ ಈ ವೃತ್ತಿಪರ ಟಿ-20 ಪಂದ್ಯಾವಳಿ 2023ರಲ್ಲಿ ಶುರುವಾಯಿತು.

ಮೊದಲ ಪಂದ್ಯ ನಡೆದ ಜಾಗವೇ ಸ್ವಾರಸ್ಯಕರ. ಟೆಕ್ಸಸ್ ರಾಜ್ಯದ ಡಲ್ಲಾಸ್ ನಗರದ ಮಗ್ಗುಲಲ್ಲಿ ಗ್ರ್ಯಾಂಡ್ ಪ್ರೇರಿ ಎಂಬ ಊರಿದೆ. ಅಲ್ಲಿ 2008ರಲ್ಲಿ ಕಟ್ಟಿದ್ದ ಬೇಸ್‌ಬಾಲ್ ಕ್ರೀಡಾಂಗಣವನ್ನು ಸುಮಾರು 2 ಕೋಟಿ ಡಾಲರ್ ಖರ್ಚು ಮಾಡಿ ಕ್ರಿಕೆಟ್ಟಿಗೆ ಹೊಂದಿಸಲಾಯಿತು. ನಡುವೆ 22 ಗಜದ ಪಿಚ್ ಬಂತು. 2023ರ ಜುಲೈ 13ರಂದು ಅಲ್ಲಿ ಟೆಕ್ಸಸ್ ಸೂಪರ್ ಕಿಂಗ್ಸ್ ತಂಡ ಲಾಸ್ ಏಂಜಲೀಸ್ ನೈಟ್ ರೈಡರ್ಸ್ ತಂಡವನ್ನು 69 ರನ್ನುಗಳಿಂದ ಸೋಲಿಸಿತು. ಹೆಸರುಗಳು ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. ಆರು ತಂಡಗಳಲ್ಲಿ ಮೂರು, ಚೆನ್ನೈ, ಕೋಲ್ಕತ್ತ ಮತ್ತು ಮುಂಬೈನ ಐಪಿಎಲ್ ತಂಡಗಳ ಒಡೆತನಕ್ಕೇ ಸೇರಿದವು. ಲೀಗಿಗೆ ಹಣ ಹೂಡಿದವರಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲ ಅವರೂ ಇದ್ದಾರೆ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಅವರು ಶಾಲಾ ದಿನಗಳಲ್ಲಿ ಹೈದರಾಬಾದಿನಲ್ಲಿ ಕ್ರಿಕೆಟ್ ಆಡಿದವರು.

ಕ್ರಿಕೆಟ್ ಅಮೆರಿಕಕ್ಕೆ ಹೊಸದೆಂದು ಭಾವಿಸಿದರೆ ಅದು ತಪ್ಪು. ಎರಡು ದೇಶಗಳ ನಡುವಣ ಮೊಟ್ಟಮೊದಲ ಕ್ರಿಕೆಟ್ ಪಂದ್ಯ ನಡೆದದ್ದೇ ನ್ಯೂಯಾರ್ಕಿನಲ್ಲಿ, 1844ರ ಸೆಪ್ಟೆಂಬರಿನಲ್ಲಿ. ಅಮೆರಿಕದ ವಿರುದ್ಧ ಕೆನಡಾ 23 ರನ್ನುಗಳಿಂದ ಗೆದ್ದಿತು. ಇಂಗ್ಲೆಂಡ್-ಆಸ್ಟ್ರೇಲಿಯಾ ನಡುವಣ ಮೊದಲ ಟೆಸ್ಟಿಗೆ ಇನ್ನೂ 33 ವರ್ಷ ಬಾಕಿ ಇತ್ತು. ಫಿಲಡೆಲ್ಫಿಯಾ ನಗರದ ಬಾರ್ಟ್ ಕಿಂಗ್ 1908ರಲ್ಲಿ ಇಂಗ್ಲೆಂಡಿಗೆ ಹೋಗಿ, ಆ ಋತುವಿನ ಬೌಲಿಂಗ್ ಸರಾಸರಿಯಲ್ಲಿ ಅಲ್ಲಿನವರನ್ನೆಲ್ಲ ಹಿಂದಿಕ್ಕಿ ಬಂದರು.

ಹಾಗಾದರೆ ಆಟ ಅಲ್ಲಿ ಬಾಡಿದ್ದೇಕೆ? ಕಾರಣಗಳು ಹಲವು. 1860ರ ದಶಕದ ಅಂತರ್ಯುದ್ಧದ ಕಾಲಕ್ಕೆ ಬೇಸ್‌ಬಾಲ್ ಜನಪ್ರಿಯವಾಗತೊಡಗಿತ್ತು. ಅದಕ್ಕೆ ಹದಗೊಳಿಸಿದ ಪಿಚ್ ಬೇಡ, ದಿನಗಟ್ಟಲೆ ಸಮಯವೂ ಬೇಡ. ಕ್ರಿಕೆಟ್ ವೃತ್ತಿ ಹಿಡಿದಿದ್ದ ಹ್ಯಾರಿ ರೈಟ್ ಎಂಬವರೇ ಬೇಸ್‌ಬಾಲಿನತ್ತ ಹೊರಳಿ, 1869ರಲ್ಲಿ ಸಿನ್ಸಿನಾಟಿಯಲ್ಲಿ ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಡುವ ಮೊದಲ ಬೇಸ್‌ಬಾಲ್ ತಂಡವನ್ನು ಕಟ್ಟಿದರು. 1909ರಲ್ಲಿ ಹುಟ್ಟಿದ ಇಂಪೀರಿಯಲ್ ಕ್ರಿಕೆಟ್ ಕಾನ್ಫರೆನ್ಸಿನ ಬಾಗಿಲು ಬ್ರಿಟಿಷ್ ಸಾಮ್ರಾಜ್ಯದ ಹೊರಗಿನವರಿಗೆ ತೆರೆಯಲಿಲ್ಲ. ಮುಂದೆ 2004ರಲ್ಲಿ ‘ಪ್ರೊ ಕ್ರಿಕೆಟ್’ ಎಂಬ ಲೀಗೊಂದು ಎಂಟು ತಂಡಗಳೊಂದಿಗೆ ಹುಟ್ಟಿ, ಒಂದೇ ಋತುವಿಗೆ ಕಣ್ಣು ಮುಚ್ಚಿತು.

ಮೇಜರ್ ಲೀಗ್ ಆ ಗತಿ ಕಾಣಲಿಲ್ಲ. ಮೊದಲ ವರ್ಷ 19 ಪಂದ್ಯಗಳಿದ್ದವು. 2025ರ ಹೊತ್ತಿಗೆ 34 ಆದವು. ಭಾರತ ಉಪಖಂಡ ಮತ್ತು ಕೆರಿಬಿಯನ್ ದ್ವೀಪಗಳಿಂದ ಹೋಗಿ ನೆಲೆಸಿದ ಲಕ್ಷಾಂತರ ಜನ ಅಲ್ಲಿದ್ದಾರೆ. ಹಣ ಹೂಡಿದವರೂ ಗಟ್ಟಿ ಕುಳಗಳೇ. 2023ರ ಫೈನಲಿನಲ್ಲಿ ಎಂಐ ನ್ಯೂಯಾರ್ಕ್ ತಂಡದ ನಿಕೊಲಸ್ ಪೂರನ್ 55 ಎಸೆತಗಳಲ್ಲಿ ಔಟಾಗದೆ 137 ರನ್ ಚಚ್ಚಿದರು. 2025ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಯುನಿಕಾರ್ನ್ಸ್ ತಂಡದ ಫಿನ್ ಅಲೆನ್ ಒಂದೇ ಇನಿಂಗ್ಸಿನಲ್ಲಿ 19 ಸಿಕ್ಸರ್ ಎತ್ತಿ 151 ರನ್ ಗಳಿಸಿದರು.

ಆದರೆ ಪೂರನ್ ಟ್ರಿನಿಡಾಡಿನವರು, ಅಲೆನ್ ನ್ಯೂಜಿಲೆಂಡಿನವರು. ಪಂದ್ಯಾವಳಿ ಮುಗಿದೊಡನೆ ಗಂಟುಮೂಟೆ ಕಟ್ಟಿ ಮುಂದಿನ ದೇಶಕ್ಕೆ ಹೊರಡುವ ನೆಂಟರು. ನೆಂಟರಿಂದ ಹಬ್ಬ ಕಳೆಗಟ್ಟುತ್ತದೆ, ನಿಜ. ಮನೆ ನಡೆಯಬೇಕಾದದ್ದು ಮನೆಯವರಿಂದ. ಇದನ್ನರಿತೇ ಸಂಘಟಕರು, ಆಡುವ ಹನ್ನೊಂದು ಮಂದಿಯಲ್ಲಿ ಹೊರದೇಶದವರು ಆರಕ್ಕಿಂತ ಹೆಚ್ಚಿರಬಾರದೆಂಬ ನಿಯಮದೊಂದಿಗೆ ಲೀಗನ್ನು ಆರಂಭಿಸಿದರು. ಅಂದರೆ ತಂಡಕ್ಕೆ ಕನಿಷ್ಠ ಐದು ಮಂದಿ ಸ್ಥಳೀಯರು. ಆರು ತಂಡಗಳಿಗೆ ಲೆಕ್ಕ ಹಾಕಿದರೆ ಮೂವತ್ತು. ಅಷ್ಟು ದೊಡ್ಡ ದೇಶದಲ್ಲಿ ಈ ಲೀಗಿನಲ್ಲಿ ಮೈದಾನಕ್ಕಿಳಿಯುವ ಖಾತ್ರಿ ಇದ್ದ ಸ್ಥಳೀಯರ ಸಂಖ್ಯೆ ಅಷ್ಟೇ.

ಆ ಜಾಗಗಳಿಗೆ ಬಂದವರ ಕತೆ ವಿದ್ಯಾರ್ಥಿಗಳೂ ತಂದೆ-ತಾಯಂದಿರೂ ತಿಳಿಯಬೇಕಾದದ್ದು.

ಎಡಗೈ ವೇಗದ ಬೌಲರ್ ಸೌರಭ್ ನೇತ್ರವಾಲ್ಕರ್ ಮುಂಬೈಯವರು. 2010ರ 19 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತಕ್ಕೆ ಆಡಿದರು. ಕರ್ನಾಟಕದ ಕೆ.ಎಲ್. ರಾಹುಲ್ ಮತ್ತು ಮಯಂಕ್ ಅಗರವಾಲ್ ಆ ತಂಡದಲ್ಲಿದ್ದರು. ಅವರಿಬ್ಬರೂ ಮುಂದೆ ಭಾರತದ ಟೆಸ್ಟ್ ಆಟಗಾರರಾದರು. ನೇತ್ರವಾಲ್ಕರ್ ಅವರಿಗೆ 2013ರಲ್ಲಿ ಮುಂಬೈ ಪರ ರಣಜಿ ಆಡುವ ಅವಕಾಶ ಸಿಕ್ಕರೂ ತಂಡದಲ್ಲಿ ನೆಲೆ ನಿಲ್ಲಲಾಗಲಿಲ್ಲ. ಆಡುತ್ತಲೇ ಕಂಪ್ಯೂಟರ್ ಇಂಜಿನಿಯರಿಂಗ್ ಮುಗಿಸಿದ್ದ ಅವರು, 2015ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸ್ನಾತಕೋತ್ತರ ಪದವಿಗೆಂದು ಹೋದರು. ಬಳಿಕ ಒರಾಕಲ್ ಕಂಪೆನಿಯಲ್ಲಿ ಕೆಲಸ ಹಿಡಿದರು. ಕ್ರಿಕೆಟ್ ಮುಗಿದ ಅಧ್ಯಾಯ ಎಂದೇ ತೋರುತ್ತಿದ್ದ ಕಾಲ ಅದು. ಆದರೂ ಶುಕ್ರವಾರ ಕಚೇರಿ ಮುಗಿಸಿ, ಸ್ಯಾನ್ ಫ್ರಾನ್ಸಿಸ್ಕೊದಿಂದ ಆರು ಗಂಟೆ ಕಾರಿನಲ್ಲಿ ಲಾಸ್ ಏಂಜಲೀಸಿಗೆ ಹೋಗಿ, ಅಲ್ಲಿನ ನಿಜವಾದ ಹುಲ್ಲು-ಮಣ್ಣಿನ ಪಿಚ್ಚಿನಲ್ಲಿ ಆಡಿ ಮರಳುತ್ತಿದ್ದರು. 2023ರಲ್ಲಿ ಲೀಗ್ ಬಂತು. ವಾಷಿಂಗ್ಟನ್ ಫ್ರೀಡಂ ಪರ ಒಂದು ಪಂದ್ಯದಲ್ಲಿ 9 ರನ್ನಿಗೆ 6 ವಿಕೆಟ್ ಕಿತ್ತರು.

ಇನ್ನೊಬ್ಬರು ಎಡಗೈ ಸ್ಪಿನ್ನರ್ ನೋಸ್ತುಷ್ ಕೆಂಜಿಗೆ. ಹೆಸರೇ ಹೇಳುವಂತೆ ಚಿಕ್ಕಮಗಳೂರಿನ ಕಾಫಿ ಸೀಮೆಯ ಮನೆತನ. ಹುಟ್ಟಿದ್ದು ಅಮೆರಿಕದ ಅಲಬಾಮಾದಲ್ಲಿ, ಬೆಳೆದದ್ದು ಭಾರತದಲ್ಲಿ. ಬೆಂಗಳೂರಿನ ಲೀಗ್ ಪಂದ್ಯಗಳಲ್ಲಿ ಆಡಿದರೂ ರಾಜ್ಯ ತಂಡದ ಬಾಗಿಲು ತೆರೆಯಲಿಲ್ಲ. ಬಯೋಮೆಡಿಕಲ್ ಇಂಜಿನಿಯರಿಂಗ್ ಪದವಿ ಹಿಡಿದು 2015ರಲ್ಲಿ ಅಮೆರಿಕಕ್ಕೆ ಮರಳಿ, ಅಲ್ಲಿ ಕೆಲಸ ಮಾಡುತ್ತಲೇ ಕ್ಲಬ್ ಕ್ರಿಕೆಟ್ಟಿನಿಂದ ರಾಷ್ಟ್ರೀಯ ತಂಡಕ್ಕೇರಿದರು. ಮೊದಲ ವರ್ಷದ ಚಾಂಪಿಯನ್ ಎಂಐ ನ್ಯೂಯಾರ್ಕ್ ತಂಡದಲ್ಲಿ ಅವರಿದ್ದರು.

2024ರ ಟಿ-20 ವಿಶ್ವಕಪ್ಪಿಗೆ ವೆಸ್ಟ್ ಇಂಡೀಸಿನೊಂದಿಗೆ ಅಮೆರಿಕವೂ ಆತಿಥೇಯ. ಉದ್ಘಾಟನಾ ಪಂದ್ಯದಲ್ಲಿ ಅದು ಮಣಿಸಿದ್ದು 180 ವರ್ಷ ಹಿಂದಿನ ಅದೇ ಎದುರಾಳಿ ಕೆನಡಾವನ್ನು. ಜೂನ್ 6ರಂದು, ಗ್ರ್ಯಾಂಡ್ ಪ್ರೇರಿಯ ಆ ಹಳೆಯ ಬೇಸ್‌ಬಾಲ್ ಅಂಗಳದಲ್ಲೇ ಪಾಕಿಸ್ತಾನ ಎದುರಾಯಿತು. ಕೆಂಜಿಗೆ 30 ರನ್ನಿಗೆ 3 ವಿಕೆಟ್ ಪಡೆದರು. ಎರಡೂ ತಂಡಗಳು 159 ರನ್ ಗಳಿಸಿ ಪಂದ್ಯ ಸಮವಾಯಿತು. ಸೂಪರ್ ಓವರಿನಲ್ಲಿ ಅಮೆರಿಕ 18 ರನ್ ಮಾಡಿತು. ಅದನ್ನು ಕಾಯುವ ಹೊಣೆ ಬಿದ್ದದ್ದು ನೇತ್ರವಾಲ್ಕರ್ ಮೇಲೆ. ಅವರು 13 ರನ್ ಮಾತ್ರ ಕೊಟ್ಟರು. 2010ರಲ್ಲಿ ಕಿರಿಯರ ವಿಶ್ವಕಪ್ಪಿನಿಂದ ಭಾರತವನ್ನು ಹೊರದೂಡಿದ್ದು ಪಾಕಿಸ್ತಾನವೇ; ಆ ದಿನದ ಎದುರಾಳಿ ತಂಡದಲ್ಲಿದ್ದ ಬಾಬರ್ ಆಜಂ ಈಗ ಪಾಕಿಸ್ತಾನದ ನಾಯಕರಾಗಿದ್ದರು. ಇಷ್ಟಾದರೂ ವಿಶ್ವಕಪ್ಪಿನ ನಡುವೆ ನೇತ್ರವಾಲ್ಕರ್ ಹೋಟೆಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಕಚೇರಿ ಕೆಲಸ ಮಾಡುವುದನ್ನು ನಿಲ್ಲಿಸಲಿಲ್ಲ.

ಇಂಥ ಕತೆ ಕೇಳಿ ‘ಇಲ್ಲಿ ಆಗದಿದ್ದರೆ ಅಮೆರಿಕ ಇದ್ದೇ ಇದೆ’ ಎಂದು ಲೆಕ್ಕ ಹಾಕುವವರೂ ಇರಬಹುದು. ಅವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಬಿಸಿಸಿಐ ನಿಯಮದಂತೆ ಭಾರತದ ಪುರುಷ ಆಟಗಾರರು ಇಲ್ಲಿನ ಕ್ರಿಕೆಟ್ಟಿಗೆ ವಿದಾಯ ಹೇಳದೆ ವಿದೇಶಿ ಟಿ-20 ಲೀಗುಗಳಲ್ಲಿ ಆಡುವಂತಿಲ್ಲ. ಭಾರತಕ್ಕೆ 2012ರ ಕಿರಿಯರ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಉನ್ಮುಕ್ತ್ ಚಂದ್ 2021ರಲ್ಲಿ, 28ರ ಹರೆಯದಲ್ಲಿ ಹಾಗೆ ವಿದಾಯ ಹೇಳಿ ಅಮೆರಿಕಕ್ಕೆ ಹೋದರು. ಲಾಸ್ ಏಂಜಲೀಸ್ ತಂಡದಲ್ಲಿ ಸ್ಥಾನ ಸಿಕ್ಕಿತು. 2024ರ ವಿಶ್ವಕಪ್ಪಿಗೆ ಅಮೆರಿಕ ಆರಿಸಿದ ತಂಡದಲ್ಲಿ ಮಾತ್ರ ಅವರ ಹೆಸರಿರಲಿಲ್ಲ. ಆಡಳಿತದ ಕತೆಯೂ ನೆಟ್ಟಗಿಲ್ಲ. ಅಲ್ಲಿನ ಕ್ರಿಕೆಟ್ ಮಂಡಳಿಯನ್ನು ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ 2025ರ ಸೆಪ್ಟೆಂಬರಿನಲ್ಲಿ ಅಮಾನತಿನಲ್ಲಿಟ್ಟಿತು. ಲೀಗ್ ನಡೆಯುವುದಾದರೂ ವರ್ಷಕ್ಕೆ ಕೆಲವೇ ವಾರ. ಉಳಿದ ತಿಂಗಳುಗಳ ಮನೆ ಬಾಡಿಗೆಯನ್ನು ಯಾವ ಸಿಕ್ಸರೂ ಕಟ್ಟುವುದಿಲ್ಲ.

ನೇತ್ರವಾಲ್ಕರ್ ಮತ್ತು ಕೆಂಜಿಗೆ ಅಮೆರಿಕಕ್ಕೆ ಹೋದಾಗ ಈ ಲೀಗ್ ಇನ್ನೂ ಹುಟ್ಟಿರಲಿಲ್ಲ. ಅದು ಬರುವವರೆಗಿನ ಎಂಟು ವರ್ಷ ಅವರನ್ನು ಸಾಕಿದ್ದು ಅವರ ವಿದ್ಯೆ. ಕೈಬಿಡದೆ ನಡೆಸಿದ್ದು ಆಟದ ಮೇಲಿನ ಪ್ರೀತಿ. ‘ಮೊದಲು ಓದು, ಆಟ ಆಮೇಲೆ’ ಎಂದು ಬ್ಯಾಟನ್ನು ಅಟ್ಟಕ್ಕೇರಿಸುವ ಪೋಷಕರೂ, ‘ಆಟವಿದ್ದರೆ ಸಾಕು’ ಎಂದು ಪುಸ್ತಕ ಮುಚ್ಚುವ ಮಕ್ಕಳೂ ಅವರ ಬದುಕನ್ನು ಒಮ್ಮೆ ನೋಡುವುದು ಒಳ್ಳೆಯದು.

ಅಮೆರಿಕದ ಪರೀಕ್ಷೆಯೂ ಮುಂದಿದೆ. 1900ರ ಪ್ಯಾರಿಸ್ ಕ್ರೀಡಾಕೂಟದ ನಂತರ ಮೊದಲ ಬಾರಿಗೆ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕ್ರಿಕೆಟ್ ಸೇರಿದೆ. ಆದರೆ ಆಟ ಅಲ್ಲಿ ಬೇರು ಬಿಟ್ಟಿತೇ ಎಂಬುದು ತಿಳಿಯುವುದು ಪದಕದಿಂದಲ್ಲ, ಶಾಲೆಯ ಅಂಗಳದಿಂದ. ನ್ಯೂಯಾರ್ಕ್ ನಗರದ ಸಾರ್ವಜನಿಕ ಪ್ರೌಢಶಾಲೆಗಳ ಕ್ರೀಡಾ ಸಂಘ 2008ರಲ್ಲೇ ಕ್ರಿಕೆಟ್ಟನ್ನು ಅಂತರಶಾಲಾ ಪಂದ್ಯಗಳ ಪಟ್ಟಿಗೆ ಸೇರಿಸಿತು, ಕೋಟಿ ಡಾಲರುಗಳ ಲೀಗ್ ಬರುವ ಹದಿನೈದು ವರ್ಷ ಮೊದಲು. ಅಂಥ ಶಾಲೆಗಳಲ್ಲಿ ಆಡಿ ಬೆಳೆದವರು ಆ ಮೂವತ್ತು ಜಾಗಗಳಿಗೆ ಬರತೊಡಗಿದ ದಿನ, ಅಮೆರಿಕವನ್ನು ಕ್ರಿಕೆಟ್ ದೇಶವೆಂದು ಕರೆಯಲು ಯಾರೂ ಹಿಂಜರಿಯಲಾರರು.