ಅಡೇನಿಯಂ: ಮಳೆಗಾಲದಲ್ಲಿ ಮಗ್ ಕೆಳಗಿಡಿ

ಅಡೇನಿಯಂ ಗಿಡ ನೀರಿಲ್ಲದೆ ಸತ್ತಿದ್ದನ್ನು ನಾನಿನ್ನೂ ನೋಡಿಲ್ಲ. ನೀರು ಜಾಸ್ತಿಯಾಗಿ ಕೊಳೆತಿದ್ದು ಮಾತ್ರ ನಮ್ಮ ಅಪಾರ್ಟ್‌ಮೆಂಟ್ ಒಂದರಲ್ಲೇ ಮೂರು, ಎಲ್ಲವೂ ಜುಲೈ-ಆಗಸ್ಟಿನಲ್ಲಿ.

ಇದರ ತವರು ಸಹಾರಾದ ದಕ್ಷಿಣದ ಒಣ ಸೀಮೆ, ಪೂರ್ವ ಆಫ್ರಿಕಾ, ಅರೇಬಿಯಾ. ಫೋರ್ಸ್ಕೋಲ್ ಎಂಬ ಸಸ್ಯಶಾಸ್ತ್ರಜ್ಞ ಯೆಮೆನ್‌ನಲ್ಲಿ ಗಿಡಗಳನ್ನು ಹುಡುಕುತ್ತಲೇ 1763ರಲ್ಲಿ ಮಲೇರಿಯಾದಿಂದ ತೀರಿಕೊಂಡ. ಅವನು ಬರೆದಿಟ್ಟಿದ್ದ ವಿವರ ಅಚ್ಚಾಗಿದ್ದು 1775ರಲ್ಲಿ, ಅದರಲ್ಲಿ ಇದನ್ನು ಕಣಗಿಲೆ ಜಾತಿಗೆ ಸೇರಿಸಿದ್ದ. ನೋಡಿದರೆ ಹಾಗನ್ನಿಸೋದು ಸಹಜ. ಕಣಗಿಲೆ, ದೇವಕಣಗಿಲೆ, ನಿತ್ಯಪುಷ್ಪ ಎಲ್ಲ ಇದರ ನೆಂಟರೇ. ಕಣಗಿಲೆಯ ಹಾಗೆ ಇದರ ಹಾಲೂ ವಿಷ, ಹೃದಯದ ಬಡಿತವನ್ನೇ ಕೆಡಿಸುವಂಥದ್ದು. ಆಫ್ರಿಕಾದಲ್ಲಿ ಬೇಟೆಯ ಬಾಣಕ್ಕೆ ಸವರುತ್ತಿದ್ದರು. ಮನೆಯಲ್ಲಿ ಅಂಬೆಗಾಲಿಡುವ ಮಗು ಅಥವಾ ಬೆಕ್ಕು ಇದ್ದರೆ ಕುಂಡ ಎತ್ತರದಲ್ಲಿರಲಿ. ಕೊಂಬೆ ಕತ್ತರಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಆ ದಪ್ಪ ಬುಡ ಇದೆಯಲ್ಲ, ಅದು ನಮ್ಮ ಮನೆಗಳ ಸಂಪ್ ಇದ್ದ ಹಾಗೆ. ಸಂಪ್ ತುಂಬಿರುವಾಗ ಯಾರಾದರೂ ದಿನಾ ಟ್ಯಾಂಕರ್ ತರಿಸ್ತಾರಾ? ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ. ಒಣಗಿದ್ದರೆ ಮಾತ್ರ ನೀರು. ಮಣ್ಣು ಎನ್ನುವುದಕ್ಕಿಂತ ಅರ್ಧಕ್ಕೂ ಹೆಚ್ಚು ದಪ್ಪ ಮರಳು, ಇಟ್ಟಿಗೆ ಚೂರು ಇರಲಿ. ಹಾಕಿದ ನೀರು ಕುಂಡದ ತೂತಿನಿಂದ ಸರಸರ ಇಳಿದು ಹೋಗಬೇಕು. ಬಿಸಿಲಂತೂ ದಿನಕ್ಕೆ ಆರು ಗಂಟೆಯಾದರೂ ಬೇಕು. ಅಷ್ಟು ಬಿಸಿಲಿಲ್ಲದ ಬಾಲ್ಕನಿಯವರು ಬೇರೆ ಗಿಡ ನೋಡಿಕೊಳ್ಳೋದೇ ವಾಸಿ.

ಬುಡ ಒತ್ತಿ ನೋಡುವುದು ರೂಢಿಯಾಗಲಿ. ಗಟ್ಟಿಯಿದ್ದರೆ ಸರಿ. ಮಣ್ಣು ಒಣಗಿ ಬುಡ ಮೆತ್ತಗಾಗಿದ್ದರೆ ಬಾಯಾರಿಕೆ, ನೀರು ಕೊಟ್ಟರೆ ಸುಧಾರಿಸುತ್ತೆ. ಮಣ್ಣು ಒದ್ದೆಯಿದ್ದೂ ಮೆತ್ತಗಿದ್ದರೆ ಕೊಳೆತ, ಅವತ್ತೇ ಕಿತ್ತು ನೋಡಬೇಕು.

ಕೆಳಗಿನ ಮನೆ ಆಂಟಿಯ ಗಿಡಕ್ಕೆ ಹೋದ ಆಗಸ್ಟಿನಲ್ಲಿ ಆಗಿದ್ದು ಇದೇ. ಲಾಲ್‌ಬಾಗ್ ಫ್ಲವರ್ ಶೋದಿಂದ ಅಂಕಲ್ ತಂದಿದ್ದ ಗಿಡ, ಅಂಕಲ್ ಈಗಿಲ್ಲ. "ಉಳಿಯುತ್ತೇನಪ್ಪಾ?" ಅಂದರು. ಗೊತ್ತಿಲ್ಲ ಆಂಟಿ, ನೋಡೋಣ ಅಂದೆ. ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕಂದು ಭಾಗವನ್ನೆಲ್ಲ ಕೆತ್ತುತ್ತಾ ಹೋದೆ. ಬಿಳಿ, ಗಟ್ಟಿ ತಿರುಳು ಸಿಗುವಷ್ಟರಲ್ಲಿ ಬುಡ ಅರ್ಧವಾಗಿತ್ತು. ಆಂಟಿ ಒಳಗೆ ಹೋಗಿಬಿಟ್ಟರು. ಗಾಯಕ್ಕೆ ಫಂಗಿಸೈಡ್ ಪುಡಿ ಹಚ್ಚಿ, ವಾರವಿಡೀ ನೆರಳಲ್ಲಿ ಹಾಗೇ ಒಣಗಿಸಿ, ಒಣ ಮರಳಿನ ಮಿಶ್ರಣದಲ್ಲಿ ನೆಟ್ಟೆವು. ಮತ್ತೆ ಹತ್ತು ದಿನ ಒಂದು ಹನಿ ನೀರಿಲ್ಲ. ದೀಪಾವಳಿ ಹೊತ್ತಿಗೆ ತುದಿಯಲ್ಲಿ ನಾಲ್ಕು ಎಲೆ ಬಂತು. ಹೂವು ಇನ್ನೂ ಇಲ್ಲ. ಈಗ ನನ್ನನ್ನು ಕೇಳದೆ ಆಂಟಿ ನೀರು ಹಾಕಲ್ಲ.

ಡಿಸೆಂಬರ್-ಜನವರಿ ಚಳಿಗೆ ಎಲೆ ಉದುರಿದರೆ ಗಾಬರಿ ಬೇಡ, ನೀರೂ ಬೇಡ. ಫೆಬ್ರವರಿಯಲ್ಲಿ ಕೊಂಬೆಗಳನ್ನು ಚಾಟ್ ಮಾಡಿ. ಹೂವು ಬರೋದು ತುದಿಯಲ್ಲಿ, ಹಾಗಾಗಿ ಕವಲು ಹೆಚ್ಚಿದಷ್ಟೂ ಹೂವು.

ಇನ್ನೊಂದು, ಎಲೆ ರಾತ್ರೋರಾತ್ರಿ ಮಾಯವಾಗಿದ್ದರೆ ಹುಡುಕಿ. ನೀಲಿ ಕಣ್ಣಿನಂಥ ಮಚ್ಚೆಯಿರುವ ದಪ್ಪ ಹಸಿರು ಹುಳ ಸಿಗಬಹುದು. ಔಷಧಿ ಏನೂ ಬೇಡ, ಕಡ್ಡಿಯಿಂದ ಎತ್ತಿ ರಸ್ತೆ ಬದಿಯ ಕಣಗಿಲೆಗೆ ಬಿಟ್ಟು ಬನ್ನಿ. ಅದರ ಊಟ ಅಲ್ಲೂ ಇದೆ.